ಫೋನಿನ ಈ ಕಡೆ ಇರುವವರು

ಹೊರದೇಶಕ್ಕೆ ಹೋಗಿ ನೆಲೆಸಿದ ಏಷ್ಯಾದ ಕುಟುಂಬಗಳ ಸಿನಿಮಾ ಎಲ್ಲಿ ಸಿಕ್ಕರೂ ನಾನು ಬಿಡುವುದಿಲ್ಲ. ಕೊರಿಯಾದವರದ್ದು, ಚೀನಾದವರದ್ದು, ಬಂಗಾಳಿಗಳದ್ದು, ಗುಜರಾತಿಗಳದ್ದು, ಯಾರದ್ದಾದರೂ ಸರಿ. ನಮ್ಮಣ್ಣ ಅಮೆರಿಕದಲ್ಲಿದ್ದಾನೆ. ಇಂಜಿನಿಯರಿಂಗ್ ಮುಗಿಸಿ ಮೊದಲು ಹೈದರಾಬಾದಿಗೆ ಹೋದ, ಅಲ್ಲಿಂದ ಮಿಷಿಗನ್‌ಗೆ. ಅಲ್ಲೇ ಮನೆ ತಗೊಂಡ, ಅಲ್ಲೇ ಮಗಳು ಹುಟ್ಟಿದಳು. ನಾನು ಕಲಬುರಗಿಯಲ್ಲೇ ಇದ್ದೇನೆ. ಬ್ರಹ್ಮಪುರದ ಹಳೇ ಮನೆಯಲ್ಲಿ ನಾನು ಮತ್ತು ಅವ್ವ. ಒಂದು ಕಾಲೇಜಿನ ಲೈಬ್ರರಿಯಲ್ಲಿ ನನ್ನ ಕೆಲಸ.

ಈ ಸಿನಿಮಾಗಳ ಬಗ್ಗೆ ನಾನು ಓದಿದ ಬರಹಗಳೆಲ್ಲ ಹೆಚ್ಚಾಗಿ ಹೋದವರ ಕಡೆಯಿಂದಲೇ ಮಾತಾಡುತ್ತವೆ. ಹೋದವರು ಎಲ್ಲಿಯವರು, ಮಕ್ಕಳಿಗೆ ಮನೆಭಾಷೆ ಬರುತ್ತದಾ, ಅಲ್ಲಿ ಹೊಂದಿಕೊಂಡರಾ, ಹೀಗೆ. ಅದು ಬೇಕಾದ ಮಾತೇ. ಆದರೆ ನಾನು ನೋಡುವಾಗ ನನ್ನ ಕಣ್ಣು ಬೇರೆಯವರನ್ನು ಹುಡುಕುತ್ತದೆ. ಊರಲ್ಲೇ ಉಳಿದ ತಂಗಿ ಎಲ್ಲಿ? ತಾಯಿಯನ್ನು ಆಸ್ಪತ್ರೆಗೆ ಕರಕೊಂಡು ಹೋಗುವವರು ಯಾರು? ಹೊಲ ನೋಡಿಕೊಳ್ಳುವವರು ಯಾರು? ಸಿನಿಮಾ ಅವರಿಗೆ ಎಷ್ಟು ಜಾಗ ಕೊಟ್ಟಿದೆ? ಇದೇ ನನ್ನ ಅಳತೆ. ಇದರಲ್ಲಿ ಕೆಲವು ಹೆಸರಾದ ಸಿನಿಮಾಗಳು ಕಡಿಮೆ ಬೀಳುತ್ತವೆ, ಕೆಲವು ತುಂಬಾ ಮೇಲೆ ಹೋಗುತ್ತವೆ.

ಎಲ್ಲಕ್ಕಿಂತ ಮೇಲೆ ನಾನು ಇಡುವುದು 'ದಿ ಫೇರ್‌ವೆಲ್'. 2019ರ ಸಿನಿಮಾ, ನಿರ್ದೇಶಕಿ ಲುಲು ವಾಂಗ್. ಚೀನಾದ ಚಾಂಗ್‌ಚುನ್ ಊರಿನಲ್ಲಿರುವ ಅಜ್ಜಿಗೆ ಶ್ವಾಸಕೋಶದ ಕ್ಯಾನ್ಸರ್ ಆಗಿದೆ, ಮೂರು ತಿಂಗಳು ಅಂತ ಡಾಕ್ಟರ್ ಹೇಳಿದ್ದಾರೆ. ಮನೆಯವರು ಅಜ್ಜಿಗೆ ಮಾತ್ರ ಹೇಳುವುದಿಲ್ಲ. ಒಬ್ಬ ಮಗ ಅಮೆರಿಕದಲ್ಲಿ, ಇನ್ನೊಬ್ಬ ಜಪಾನಿನಲ್ಲಿ. ಎಲ್ಲರೂ ಬಂದು ಅಜ್ಜಿಯನ್ನು ನೋಡಬೇಕು, ಆದರೆ ಯಾಕೆ ಬಂದರು ಅಂತ ಅಜ್ಜಿಗೆ ಗೊತ್ತಾಗಬಾರದು. ಅದಕ್ಕೆ ಮೊಮ್ಮಗನ ಮದುವೆ ಅಂತ ನೆಪ ಹೂಡುತ್ತಾರೆ. ನ್ಯೂಯಾರ್ಕಿನಲ್ಲಿ ಬೆಳೆದ ಮೊಮ್ಮಗಳು ಬಿಲ್ಲಿಗೆ ಇದು ನುಂಗಲಾರದ ತುತ್ತು. ಹೇಳದೇ ಇರುವುದು ಎಷ್ಟು ಸರಿ ಅಂತ ಅವಳು ಮನೆಯವರನ್ನೆಲ್ಲ ಕೇಳುತ್ತಾಳೆ. ಲುಲು ವಾಂಗ್ ಇದನ್ನು ತಮ್ಮ ಮನೆಯಲ್ಲೇ ನಡೆದದ್ದರ ಮೇಲೆ ಮಾಡಿದ್ದಾರೆ.

ಸಿನಿಮಾ ಶುರುವಾಗುವುದೇ ಒಂದು ಫೋನ್ ಕರೆಯಿಂದ. ಬಿಲ್ಲಿ ನ್ಯೂಯಾರ್ಕಿನ ರಸ್ತೆಯಲ್ಲಿ ನಡೆಯುತ್ತಿದ್ದಾಳೆ. ಟೋಪಿ ಹಾಕಿಕೊಂಡಿದ್ದೀಯಾ ಅಂತ ಅಜ್ಜಿ ಕೇಳುತ್ತಾಳೆ. ಹಾಕಿಲ್ಲ, ಆದರೂ ಹಾಕಿದ್ದೇನೆ ಅನ್ನುತ್ತಾಳೆ. ಈ ಕಡೆ ಅಜ್ಜಿ ಆಸ್ಪತ್ರೆಯಲ್ಲಿ ಕೂತಿದ್ದಾಳೆ. ಹಿಂದೆ ಆಸ್ಪತ್ರೆಯ ಸದ್ದು ಕೇಳುತ್ತಿದೆ. ತಂಗಿ ಮನೆಯಲ್ಲಿದ್ದೇನೆ ಅಂತ ಅಜ್ಜಿಯೂ ಸುಳ್ಳು ಹೇಳುತ್ತಾಳೆ. ಅಷ್ಟಕ್ಕೇ ನಾನು ಸಿನಿಮಾ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಅದೇ ಮಾತನ್ನು ಅಂಥದ್ದೇ ಕುರ್ಚಿಯಲ್ಲಿ ಕೂತು ಆಡಿದವಳು.

ಅಪ್ಪನ ಕಿಡ್ನಿ ಕೈಕೊಟ್ಟಾಗ ಅಣ್ಣನಿಗೆ ಹೇಳಬಾರದು ಅಂತ ಅವ್ವ ತೀರ್ಮಾನ ಮಾಡಿದಳು. ಅವನ ವೀಸಾ ಕಾಗದಪತ್ರ ನಡೆದಿತ್ತು, ಮಗಳು ಇನ್ನೂ ಸಣ್ಣವಳು. "ಅವಂಗ ಹೇಳಬ್ಯಾಡ. ಅಷ್ಟು ದೂರ ಕುಂತು ಏನ್ ಮಾಡ್ತಾನ? ಸುಮ್ನ ಗಾಬ್ರಿ ಆಗ್ತಾನ" ಅಂದಳು. ಡಯಾಲಿಸಿಸ್ ಹೊತ್ತಿನಲ್ಲಿ ಅಣ್ಣನ ಫೋನ್ ಬಂದರೆ ನಾನು ವಾರ್ಡಿನಿಂದ ಎದ್ದು ಹೊರಗೆ ಗಿಡದ ಕೆಳಗೆ ಹೋಗಿ ನಿಲ್ಲುತ್ತಿದ್ದೆ. "ಅಪ್ಪ ಹೊಲಕ್ಕ ಹೋಗ್ಯಾನ. ತೊಗರಿಗೆ ಔಷಧ ಹೊಡಿಸ್ಲತ್ತಾನ" ಅನ್ನುತ್ತಿದ್ದೆ. ಚೀನಾದ ಮನೆಯಲ್ಲಿ ಸುಳ್ಳು ಅಜ್ಜಿಯ ಸುತ್ತ ಇತ್ತು. ನಮ್ಮಲ್ಲಿ ಸುಳ್ಳು ದೂರ ಇರುವವನ ಕಡೆಗೆ ಹೋಗುತ್ತಿತ್ತು. ಹೋದವರು ಇರುವ ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತದೆ. ಎಲ್ಲಾ ಛಲೋ ಅದ ಅನ್ನುವುದು ಉಳಿದವರ ಪಾಲಿನ ಕೆಲಸ. ಅದು ಸಣ್ಣ ಕೆಲಸ ಅಲ್ಲ. ನೆನಪಿಟ್ಟುಕೊಂಡು ಹೇಳಬೇಕು, ಹೋದ ವಾರ ಹೇಳಿದ್ದಕ್ಕೆ ಈ ವಾರ ಹೇಳುವುದು ತಾಳೆ ಆಗಬೇಕು, ದನಿ ನಡುಗಬಾರದು.

ಈ ಸಿನಿಮಾದಲ್ಲಿ ಆ ಕೆಲಸ ಮಾಡುವವಳು ಅಜ್ಜಿಯ ತಂಗಿ. ಡಾಕ್ಟರ್ ಹೇಳಿದ್ದನ್ನು ಮೊದಲು ಕೇಳಿಸಿಕೊಳ್ಳುವವಳು ಅವಳು. ಏನೂ ಇಲ್ಲ, ಸುಮ್ಮನೆ ಒಂದು ನೆರಳು ಕಾಣಿಸಿದೆಯಂತೆ ಅಂತ ಅಕ್ಕನಿಗೆ ಬಂದು ಹೇಳುವವಳೂ ಅವಳೇ. ಮಕ್ಕಳು ವಿಮಾನದಲ್ಲಿ ಬಂದು ಅತ್ತು ವಾಪಸ್ ಹೋಗುತ್ತಾರೆ. ಇವಳು ಅಲ್ಲೇ ಇರುತ್ತಾಳೆ. ಇನ್ನೊಂದು ವಿಷಯ ಗೊತ್ತಾದಾಗ ನನಗೆ ಮೈ ಜುಮ್ಮೆಂದಿತು. ಆ ಪಾತ್ರ ಮಾಡಿದವರು ನಟಿ ಅಲ್ಲ, ಲುಲು ವಾಂಗ್ ಅವರ ಸ್ವಂತ ಚಿಕ್ಕಜ್ಜಿ. ನಿಜ ಜೀವನದಲ್ಲಿ ಆ ಸುಳ್ಳನ್ನು ಹೊತ್ತವರನ್ನೇ ಕರೆದು ಕ್ಯಾಮೆರಾ ಮುಂದೆ ನಿಲ್ಲಿಸಿದ್ದಾರೆ. ಈ ಸಿನಿಮಾ ಬಂದಾಗ ಹೆಚ್ಚು ಮಾತಾಗಿದ್ದು ಬಿಲ್ಲಿ ಪಾತ್ರದ ಆಕ್ವಾಫಿನಾ ಬಗ್ಗೆ. ಅವರಿಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಕೂಡ ಬಂತು. ಚೆನ್ನಾಗಿಯೇ ಮಾಡಿದ್ದಾರೆ. ಆದರೆ ನನ್ನ ಮಟ್ಟಿಗೆ ಆ ಸಿನಿಮಾದ ನಡುಗಂಬ ಚಿಕ್ಕಜ್ಜಿಯೇ.

ಅದರಲ್ಲೇ ಸ್ಮಶಾನದ ಒಂದು ದೃಶ್ಯ ಇದೆ. ತೀರಿಹೋದ ಅಜ್ಜನ ಸಮಾಧಿಗೆ ಎಲ್ಲರೂ ಹೋಗುತ್ತಾರೆ. ಹಣ್ಣು, ತಿಂಡಿ ಎಲ್ಲ ಇಡುತ್ತಾರೆ. ಒಬ್ಬರು ಸಿಗರೇಟ್ ಹಚ್ಚಿ ಇಡಲು ಹೋದರೆ, ಅಜ್ಜ ಸಿಗರೇಟ್ ಬಿಟ್ಟಿದ್ದರಲ್ಲ ಅಂತ ಅಲ್ಲೇ ವಾದ ಶುರುವಾಗುತ್ತದೆ. ನಮ್ಮಪ್ಪನ ಗದ್ದುಗೆ ಆಳಂದ ರಸ್ತೆಯ ಕಡೆ ನಮ್ಮ ಹೊಲದಲ್ಲೇ ಇದೆ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ದಿನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಹೊಲದಲ್ಲಿ ಚರಗ ಚೆಲ್ಲಿ ಭೂಮಿತಾಯಿಗೆ ಅರ್ಪಿಸಿದ ಮೇಲೆ ಅಪ್ಪನಿಗೂ ಎಡೆ ಇಡುತ್ತೇವೆ. ಮೊದಲ ವರ್ಷ ಅವ್ವ ಎಡೆಯ ಪಕ್ಕ ಒಂದು ಚಿಟಿಕೆ ತಂಬಾಕು ಇಟ್ಟಳು. ಕಾಕಾನ ಮಗ, "ಡಾಕ್ಟರ್ ಬ್ಯಾಡ ಅಂದಿದ್ರಲ್ಲ ದೊಡ್ಡವ್ವ" ಅಂದ. ಅವ್ವ ಅವನನ್ನು ನೋಡಿದ ನೋಟಕ್ಕೆ ಅವನು ಮತ್ತೆ ಮಾತಾಡಲಿಲ್ಲ. ಚಾಂಗ್‌ಚುನ್‌ಗೂ ಆಳಂದಕ್ಕೂ ಏನು ಸಂಬಂಧ? ಆದರೂ ಆ ದೃಶ್ಯ ನೋಡುವಾಗ ನನಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

'ಮಿನಾರಿ'ಯನ್ನು ಅವ್ವನ ಜೊತೆ ಕೂತು ನೋಡಿದೆ. 2020ರ ಸಿನಿಮಾ, ನಿರ್ದೇಶಕ ಲೀ ಐಸಾಕ್ ಚುಂಗ್. ತಾವು ಬೆಳೆದ ಅಮೆರಿಕದ ಆರ್ಕನ್ಸಾ ಸೀಮೆಯ ಕಥೆಯನ್ನೇ ಮಾಡಿದ್ದಾರೆ. 1980ರ ದಶಕ. ಕೊರಿಯಾದಿಂದ ಬಂದ ಜೇಕಬ್ ಒಂದು ತುಂಡು ಹೊಲ ಹಿಡಿದು ಕೊರಿಯಾದ ತರಕಾರಿ ಬೆಳೆಯಬೇಕು ಅಂತ ಹೊರಡುತ್ತಾನೆ. ಹೊಟ್ಟೆಪಾಡಿಗೆ ಗಂಡ ಹೆಂಡತಿ ಇಬ್ಬರೂ ಕೋಳಿಮರಿಗಳಲ್ಲಿ ಗಂಡು ಹೆಣ್ಣು ಬೇರೆ ಮಾಡುವ ಕೆಲಸಕ್ಕೆ ಹೋಗುತ್ತಾರೆ. ಅವ್ವನಿಗೆ ಕೊರಿಯನ್ ಬರುವುದಿಲ್ಲ, ಇಂಗ್ಲಿಷ್ ಸಬ್‌ಟೈಟಲ್ಲೂ ಓದಲು ಬರುವುದಿಲ್ಲ. ನಾನು ನಡುನಡುವೆ ಹೇಳುತ್ತಿದ್ದೆ. ಬಾವಿಯ ವಿಷಯ ಬಂದ ಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ.

ಕಡ್ಡಿ ಹಿಡಿದು ನೀರು ನೋಡುವವನು ಜೇಕಬ್‌ನ ಹೊಲಕ್ಕೆ ಬರುತ್ತಾನೆ. ಜೇಕಬ್ ಅವನಿಗೆ ದುಡ್ಡು ಕೊಡಲು ಒಪ್ಪದೆ ಕಳಿಸಿಬಿಡುತ್ತಾನೆ. ನಾವು ತಲೆ ಓಡಿಸುವ ಜನ ಅಂತ ಮಗನಿಗೆ ಹೇಳಿ, ತಗ್ಗು ನೋಡಿ, ಗಿಡ ನೋಡಿ ತಾನೇ ಬಾವಿ ತೋಡುತ್ತಾನೆ. ಅವ್ವ ನೆಟ್ಟಗೆ ಕೂತಳು. "ಅಲ್ಲಿ ನೀರ್ ನಿಂದ್ರಂಗಿಲ್ಲ" ಅಂದಳು. ನೀರು ಬಂತು, ಮುಂದೆ ಬತ್ತಿಯೂ ಹೋಯಿತು. ನಮ್ಮ ಹೊಲದಲ್ಲಿ ಅಪ್ಪ ಬೋರ್ ಹಾಕಿಸುವಾಗ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವನನ್ನು ಕರೆಸಿದ್ದ. ಆ ಬೋರೂ ಒಣಗಿತು. ಜೇಕಬ್ ನೀರು ನೋಡುವವನನ್ನು ನಂಬದೆ ಸೋತ, ಅಪ್ಪ ನಂಬಿ ಸೋತ. ಅವ್ವನಿಗೆ ಜೇಕಬ್‌ನ ಮೇಲೆ ಎಷ್ಟು ಕರುಳು ಮಿಡಿಯಿತು ಅಂದರೆ, ಅವನ ಹೆಂಡತಿ ಜಗಳ ಮಾಡುವಾಗ ಅವ್ವ ಇಬ್ಬರ ಪರವಾಗಿಯೂ ಮಾತಾಡಿದಳು.

ಆದರೆ 'ಮಿನಾರಿ'ಯ ಉಸಿರು ಅಜ್ಜಿ. ಕೊರಿಯಾದಿಂದ ಮಗಳ ಮನೆಗೆ ಬರುವಾಗ ಚೀಲದಲ್ಲಿ ಖಾರದಪುಡಿ, ಒಣಮೀನು ಕಟ್ಟಿಕೊಂಡು ಬರುತ್ತಾಳೆ. ಅದನ್ನು ನೋಡಿ ಮಗಳ ಕಣ್ಣಲ್ಲಿ ನೀರು ಬರುತ್ತದೆ. ಅಣ್ಣ ರಜೆ ಮುಗಿಸಿ ಹೊರಡುವ ಮುಂಚೆ ಅವ್ವ ಶೇಂಗಾ ಚಟ್ನಿ, ಅಗಸಿ ಚಟ್ನಿ, ಕಡಕ್ ರೊಟ್ಟಿ, ಖಾರಬ್ಯಾಳಿ ಎಲ್ಲ ಕಟ್ಟಿ ಸೂಟ್‌ಕೇಸ್ ತೂಕ ಮಾಡಿಸುವುದನ್ನು ನೋಡಿದವರಿಗೆ ಆ ಚೀಲದ ಬೆಲೆ ಗೊತ್ತಾಗುತ್ತದೆ. ಮೊಮ್ಮಗ ಡೇವಿಡ್ ಮಾತ್ರ ನೀನು ಅಜ್ಜಿಯ ಹಾಗೆ ಇಲ್ಲ ಅನ್ನುತ್ತಾನೆ. ಬಿಸ್ಕಿಟ್ ಮಾಡುವುದಿಲ್ಲ, ಇಸ್ಪೀಟು ಕಲಿಸುತ್ತಾಳೆ, ಬೈಯುತ್ತಾಳೆ. ನನಗೆ ಇಷ್ಟವಾದದ್ದೇ ಇದು. ಊರಿಂದ ಬಂದ ಮುದುಕಿ ಅಂದ ತಕ್ಷಣ ದೇವರ ಹಾಗೆ ಕೂರಿಸುವ ಚಟ ಸಿನಿಮಾದವರಿಗೆ ಇದೆ. ಇಲ್ಲಿ ಅವಳಿಗೆ ಸ್ವಭಾವ ಇದೆ, ತುಂಟತನ ಇದೆ, ಕೈಯಿಂದ ಅನಾಹುತವೂ ಆಗುತ್ತದೆ. ಪಾರ್ಶ್ವವಾಯು ಹೊಡೆದ ಮೇಲೂ ಏನಾದರೂ ಕೆಲಸಕ್ಕೆ ಆಗಬೇಕು ಅಂತ ಒದ್ದಾಡಿ, ಬೆಳೆ ಇಟ್ಟ ಕೊಟ್ಟಿಗೆಗೆ ಬೆಂಕಿ ತಗಲುತ್ತದೆ. ಅವಳು ಮನೆ ಬಿಟ್ಟು ಕತ್ತಲಲ್ಲಿ ನಡೆಯುತ್ತಾ ಹೋಗುವಾಗ ಮೊಮ್ಮಕ್ಕಳು ಓಡಿ ಬಂದು ಅಡ್ಡ ನಿಲ್ಲುತ್ತಾರೆ. ಈ ಪಾತ್ರಕ್ಕೆ ಯುನ್ ಯೂ-ಜಂಗ್ ಅವರಿಗೆ 2021ರಲ್ಲಿ ಆಸ್ಕರ್ ಬಂತು. ನಟನೆಗೆ ಆಸ್ಕರ್ ಪಡೆದ ಮೊದಲ ಕೊರಿಯನ್ ಅವರು. ಅದೇ ವರ್ಷ ಗೋಲ್ಡನ್ ಗ್ಲೋಬ್‌ನವರು ಈ ಸಿನಿಮಾವನ್ನು ಪರದೇಶದ ಭಾಷೆಯ ಸಿನಿಮಾ ಅಂತ ಬೇರೆ ಸಾಲಿಗೆ ಹಾಕಿದರು. ಅಮೆರಿಕದಲ್ಲೇ ತೆಗೆದದ್ದು, ಅಮೆರಿಕದವರೇ ತೆಗೆದದ್ದು, ಅಮೆರಿಕದ ಹೊಲದ ಕಥೆ. ಆದರೂ ಮನೆಯೊಳಗೆ ಆಡುವ ಮಾತು ಕೊರಿಯನ್ ಅನ್ನುವ ಕಾರಣಕ್ಕೆ ಹೊರಗಿನದಾಯಿತು. ಅಣ್ಣನ ಮನೆಯಲ್ಲೂ ಕನ್ನಡ ಮಾತಾಡುತ್ತಾರೆ. ಅದು ಓದಿ ನನಗೆ ಸಿಟ್ಟು ಬಂದಿತ್ತು.

'ದಿ ನೇಮ್‌ಸೇಕ್' ಬಗ್ಗೆ ಎಲ್ಲರೂ ಹೇಳಿಯಾಗಿದೆ. ಮೀರಾ ನಾಯರ್ ನಿರ್ದೇಶನ, 2006, ಝುಂಪಾ ಲಾಹಿರಿ ಕಾದಂಬರಿ. ಟಬು, ಇರ್ಫಾನ್ ಇಬ್ಬರೂ ಕಣ್ಣಿಗೆ ಕಟ್ಟುತ್ತಾರೆ. ಆಶಿಮಾ ಕೋಲ್ಕತ್ತಾದ ಮನೆಯಲ್ಲಿ ಗಂಡಾಗುವವನ ಬೂಟಿನೊಳಗೆ ಕಾಲಿಟ್ಟು ನೋಡುವ ದೃಶ್ಯ ಯಾರು ಮರೆಯುತ್ತಾರೆ? ಗಂಡ ತೀರಿದ ಸುದ್ದಿ ಅವಳಿಗೆ ಫೋನಿನಲ್ಲಿ ಬರುತ್ತದೆ. ಆ ಹೊತ್ತಿನ ಟಬು ನೋಡಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಆದರೆ ನನ್ನ ಅಳತೆಯಲ್ಲಿ ಇಟ್ಟರೆ ಕೋಲ್ಕತ್ತಾದಲ್ಲಿ ಉಳಿದವರು ಅಲ್ಲಿ ಬಾಗಿಲ ಹತ್ತಿರ ನಿಂತು ಬರಮಾಡಿಕೊಳ್ಳುವವರು, ಕಳಿಸಿಕೊಡುವವರು ಅಷ್ಟೇ. ಅವರಿಗೂ ಆ ವರ್ಷಗಳಲ್ಲಿ ಏನೋ ಆಗಿರಬೇಕು ಅಲ್ವಾ? ಅದು ನಮಗೆ ತಿಳಿಯುವುದಿಲ್ಲ.

'ಪಾಸ್ಟ್ ಲೈವ್ಸ್' 2023ರಲ್ಲಿ ಬಂತು, ಸೆಲೀನ್ ಸಾಂಗ್ ಮಾಡಿದ್ದು. ಅಲ್ಲಿ ಉಳಿದವನು ಒಬ್ಬ ಹುಡುಗ, ಹೇ ಸಂಗ್. ಕೊರಿಯಾದ ಸೋಲ್ ನಗರದ ಗೆಳತಿ ಹನ್ನೆರಡನೇ ವಯಸ್ಸಿಗೆ ಕೆನಡಾಕ್ಕೆ ಹೋಗುತ್ತಾಳೆ. ಇವನು ಅಲ್ಲೇ ಓದುತ್ತಾನೆ, ಸೈನ್ಯದ ಸೇವೆ ಮುಗಿಸುತ್ತಾನೆ, ಕೆಲಸ ಹಿಡಿಯುತ್ತಾನೆ. ಮೊದಲು ವಿಡಿಯೊ ಕರೆಯಲ್ಲಿ ಅವಳ ಮುಖ ನೋಡುತ್ತಾನೆ. ಅದಾಗಿ ಮತ್ತೆ ಎಷ್ಟೋ ವರ್ಷಕ್ಕೆ ನ್ಯೂಯಾರ್ಕಿಗೆ ಬಂದು ಎದುರು ನೋಡುತ್ತಾನೆ. ಇದು ಪ್ರೇಮಕಥೆ ಅಂತ ನೋಡುವವರು ಜಾಸ್ತಿ. ನನಗೆ ಅವನ ಮಾತಿಗಿಂತ ಅವನು ನಿಲ್ಲುವ ರೀತಿ ಜಾಸ್ತಿ ಹೇಳಿತು. ಅವಳ ಊರಿನಲ್ಲಿ ಅವನಿಗೆ ಕೈ ಎಲ್ಲಿಡಬೇಕು ಅಂತಲೇ ತಿಳಿಯುವುದಿಲ್ಲ. ಮಿಷಿಗನ್‌ಗೆ ಹೋದಾಗ ಅವ್ವ ಅಣ್ಣನ ಅಡುಗೆಮನೆಯಲ್ಲಿ ಹಾಗೇ ನಿಲ್ಲುತ್ತಿದ್ದಳು.

ಕನ್ನಡದಲ್ಲಿ ಈ ವಿಷಯ ಅಂದರೆ ನಾಗತಿಹಳ್ಳಿ ಚಂದ್ರಶೇಖರ್ ಅವರ 'ಅಮೆರಿಕಾ ಅಮೆರಿಕಾ' ನೆನಪಾಗುತ್ತದೆ. ನಾವೆಲ್ಲ ಅದರ ಹಾಡು ಹಾಡುತ್ತಾ ಬೆಳೆದವರು. ಅದರಲ್ಲಿ ಊರಲ್ಲಿ ಉಳಿದವನಿಗೆ ದೊಡ್ಡ ಜಾಗ ಇದೆ, ರಮೇಶ್ ಅವರ ಪಾತ್ರ. ಆದರೆ ಉಳಿದವನು ಒಳ್ಳೆಯವನು, ಹೋದವನು ದಾರಿ ತಪ್ಪಿದವನು ಅನ್ನುವ ಹಾಗೆ ತಕ್ಕಡಿ ವಾಲಿದೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮಣ್ಣ ದುಡ್ಡಿನ ಆಸೆಗೆ ಬಿದ್ದು ಹೋದವನಲ್ಲ. ಆ ಬೋರಿನ ಸಾಲ ತೀರಿಸಿದ್ದು ಅವನು. ನಾನು ಇಲ್ಲಿ ಉಳಿದದ್ದು ತ್ಯಾಗವೂ ಅಲ್ಲ. ನನಗೆ ಈ ಊರು ಬೇಕು. ಊರಿನ 'ಅಪ್ಪನ ಕೆರೆ'ಯ ಸುತ್ತ ಸಂಜೆ ನಡೆಯುವುದು ಬೇಕು, ಜಾತ್ರೆಯಲ್ಲಿ ಶರಣಬಸವೇಶ್ವರರ ತೇರು ಎಳೆಯುವಾಗ ಅಲ್ಲಿ ಇರಬೇಕು.

ಹೋದವರು ಉಳಿದವರ ಮೇಲೆ ಇಟ್ಟುಕೊಳ್ಳುವ ಸಿಟ್ಟಿನ ಬಗ್ಗೆ ನನಗೆ ಗೊತ್ತಿರುವ ಒಂದೇ ಒಂದು ದೊಡ್ಡ ಸಿನಿಮಾ 'ಮಿಸಿಸಿಪ್ಪಿ ಮಸಾಲಾ'. ಇದೂ ಮೀರಾ ನಾಯರ್ ಅವರದ್ದೇ, 1991. ಇದನ್ನು ಡೆಂಜೆಲ್ ವಾಷಿಂಗ್ಟನ್ ಮತ್ತು ಸರಿತಾ ಚೌಧುರಿ ಅವರ ಪ್ರೇಮಕ್ಕಾಗಿ ನೆನೆಯುತ್ತಾರೆ. ನಾನು ನೆನೆಯುವುದು ಅವಳ ಅಪ್ಪ ಜಯ್‌ನನ್ನು, ರೋಶನ್ ಸೇಠ್ ಮಾಡಿದ ಪಾತ್ರ. 1972ರಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ ತೊಂಬತ್ತು ದಿನದ ಗಡುವು ಕೊಟ್ಟು ಹೊರಗೆ ಹಾಕುತ್ತಾನೆ. ಅಲ್ಲೇ ಹುಟ್ಟಿದ ವಕೀಲ ಜಯ್ ಹೆಂಡತಿ ಮಗಳನ್ನು ಕರೆದುಕೊಂಡು ಕೊನೆಗೆ ಮಿಸಿಸಿಪ್ಪಿಯ ಒಂದು ಮೋಟೆಲ್ ಸೇರುತ್ತಾನೆ. ಅವನ ಜೀವದ ಗೆಳೆಯ ಒಕೆಲೊ, ಉಗಾಂಡಾದ ಕಪ್ಪು ಮನುಷ್ಯ. ಆಫ್ರಿಕಾ ಇನ್ನು ಆಫ್ರಿಕನ್ನರಿಗೆ ಅಂತ ಅವನು ಹೇಳಿದ ಒಂದು ಮಾತು ಜಯ್ ಎದೆಯಲ್ಲಿ ಮುಳ್ಳಾಗಿ ಉಳಿಯುತ್ತದೆ. ಹೊರಡುವಾಗ ಸರಿಯಾಗಿ ಮಾತಾಡದೆ ಬರುತ್ತಾನೆ. ಕಳೆದುಕೊಂಡ ಮನೆಗಾಗಿ ವರ್ಷಗಟ್ಟಲೆ ಅಲ್ಲಿನ ಸರ್ಕಾರಕ್ಕೆ ಕಾಗದ ಬರೆಯುತ್ತಾನೆ. ಕೊನೆಗೆ ಕಂಪಾಲಾಗೆ ಹೋದಾಗ ಗೊತ್ತಾಗುತ್ತದೆ, ಒಕೆಲೊ ಯಾವತ್ತೋ ಸತ್ತುಹೋಗಿದ್ದಾನೆ. ಇವನು ಅಷ್ಟು ವರ್ಷ ಸಿಟ್ಟು ಮಾಡಿದ್ದು ಇಲ್ಲದ ಮನುಷ್ಯನ ಮೇಲೆ. ಉಳಿದವನ ಮೇಲೆ ಏನು ಬಿತ್ತು ಅಂತ ಹೋದವನಿಗೆ ಗೊತ್ತೇ ಇರಲಿಲ್ಲ.

ಇದು ನಮ್ಮ ಸೀಮೆಗೆ ಹೊಸದಲ್ಲ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿಕೊಂಡ 1948ರ ಪೊಲೀಸ್ ಆ್ಯಕ್ಷನ್ ಹೊತ್ತಿಗೆ ನಮ್ಮ ಓಣಿಯಿಂದ ಹೋದ ಒಂದು ಮನೆಯವರ ಬಗ್ಗೆ ಅಜ್ಜಿ ಹೇಳುತ್ತಿದ್ದಳು. ಅವರ ಮಗಳು ಅಜ್ಜಿಯ ಗೆಳತಿ. ಕರಾಚಿಗೆ ಹೋದರಂತೆ. ಆಮೇಲೆ ಒಂದು ಕಾಗದವೂ ಬರಲಿಲ್ಲ. ಅಲ್ಲಿ ಆ ಗೆಳತಿ ಏನು ತಿಳಿದುಕೊಂಡಳೋ, ಅಜ್ಜಿಗೆ ಕೊನೆತನಕ ಅದೇ ಚಿಂತೆ.

ಬೀದರಿನ ಮಹಮೂದ್ ಗವಾನ್ ಕೂಡ ಹಾಗೆ ತನ್ನೂರು ಬಿಟ್ಟು ಬಂದವನೇ. ಇರಾನಿನ ಗಿಲಾನ್‌ನಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ದೊಡ್ಡ ಮಂತ್ರಿಯಾದ. 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯಲ್ಲಿ ಆ ದೂರದೇಶದ ಬಣ್ಣದ ಹೆಂಚುಗಳು ಇವತ್ತಿಗೂ ಅಲ್ಲಲ್ಲಿ ಉಳಿದಿವೆ. ಹೊರಗಿಂದ ಬಂದ ಅಫಾಕಿಗಳು, ಇಲ್ಲಿನ ದಖನಿಗಳು ಅಂತ ಆಸ್ಥಾನ ಎರಡಾಗಿತ್ತು. ಸುಳ್ಳು ಪತ್ರವೊಂದನ್ನು ಸೃಷ್ಟಿಸಿ ಅವನ ಮೇಲೆ ಹೊರಿಸಿದರು. 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ. ಗವಾನ್ ಬರೆದ ಪತ್ರಗಳ ಸಂಗ್ರಹ 'ರಿಯಾಜ್-ಉಲ್-ಇನ್ಶಾ' ಉಳಿದುಬಂದಿದೆ. ಅದರಲ್ಲಿ ಬಂಧುಗಳಿಗೆ ಬರೆದ ಪತ್ರಗಳೂ ಇವೆ. ಆ ಪತ್ರಗಳನ್ನು ಬಿಚ್ಚಿ ಓದಿದ ಕೈಗಳ ಬಗ್ಗೆ ನನಗೆ ತುಂಬಾ ಯೋಚನೆ ಬರುತ್ತದೆ. ಬೀದರಿಗೆ ಹೋದಾಗ ಆ ಒಂಟಿ ಮಿನಾರಿನ ಕೆಳಗೆ ನಿಂತು ಇದನ್ನೇ ಅಂದುಕೊಂಡೆ.

ಗಲ್ಫಿನ ಮಾತು ಬಿಟ್ಟರೆ ಈ ಬರಹ ಅರ್ಧ ಆಗುತ್ತದೆ. ಕಲಬುರಗಿ, ಬೀದರಿನಿಂದ ಸೌದಿಗೆ, ದುಬೈಗೆ ಡ್ರೈವರ್ ಆಗಿ, ಎಸಿ ಮೆಕ್ಯಾನಿಕ್ ಆಗಿ ಹೋದವರು ಎಷ್ಟು ಜನ! ಅವರು ವಲಸೆಯ ಸಿನಿಮಾಗಳ ದೊಡ್ಡ ಪಟ್ಟಿಗಳಲ್ಲಿ ಕಾಣುವುದು ತೀರಾ ಅಪರೂಪ. ಮಲಯಾಳಂನವರು ಆ ಕೆಲಸ ಮಾಡಿದ್ದಾರೆ. ಸಲೀಂ ಅಹಮದ್ ಅವರ 'ಪತ್ತೇಮಾರಿ' 2015ರದ್ದು. ಮಮ್ಮೂಟಿ ಮಾಡಿದ ನಾರಾಯಣನ್ ಹಾಯಿಹಡಗಿನಲ್ಲಿ ಗಲ್ಫ್ ಸೇರಿ, ಮನೆಯವರಿಗೆಲ್ಲ ದುಡ್ಡು ಕಳಿಸುತ್ತಲೇ ಆಯುಷ್ಯ ಮುಗಿಸುತ್ತಾನೆ. ಊರಿಗೆ ಬರುವುದು ಅವನ ಹೆಣ. ಬೆನ್ಯಾಮಿನ್ ಕಾದಂಬರಿಯ ಮೇಲೆ ಬ್ಲೆಸ್ಸಿ ಮಾಡಿದ 'ಆಡುಜೀವಿತಂ' 2024ರದ್ದು. ಮರುಭೂಮಿಯಲ್ಲಿ ಆಡು ಕಾಯುವ ಜೀತಕ್ಕೆ ಸಿಕ್ಕ ನಜೀಬ್‌ನ ಕಥೆ. ಇದನ್ನು ನಮ್ಮ ಪಕ್ಕದ ಮನೆಯ ಅಕ್ಕನ ಜೊತೆ ನೋಡಿದೆ. ಅವರ ಯಜಮಾನರು ಜೆದ್ದಾದಲ್ಲಿದ್ದಾರೆ. ಸಿನಿಮಾ ಮುಗಿಯುವ ಮೊದಲೇ ಅವರು ಎದ್ದು ಹೊರಗೆ ಹೋಗಿ ಜೆದ್ದಾಗೆ ಫೋನ್ ಹಚ್ಚಿದರು. ಊಟ ಆಯಿತಾ ಅಂತ ಕೇಳಿದರು, ಸಿನಿಮಾದ ಮಾತೇ ಎತ್ತಲಿಲ್ಲ.

ಅಣ್ಣನ ಮಗಳು ಈಗ ಅಲ್ಲಿ ಕಾಲೇಜಿನಲ್ಲಿ ಸಿನಿಮಾ ಪಾಠ ಒಂದನ್ನು ತಗೊಂಡಿದ್ದಾಳೆ. 'ದಿ ಫೇರ್‌ವೆಲ್' ನೋಡು ಅಂತ ನಾನೇ ಹೇಳಿದ್ದೆ. ನೋಡಿ ಉದ್ದದ ಮೆಸೇಜ್ ಹಾಕಿದಳು. ಬಿಲ್ಲಿ ಹೇಳಿದ್ದೇ ಸರಿ, ಅಜ್ಜಿಗೆ ಹೇಳಲೇಬೇಕಿತ್ತು ಅಂತ ಅವಳ ವಾದ. ತಾತನ ಕಾಯಿಲೆಯನ್ನು ನಮ್ಮಪ್ಪನಿಂದ ಮುಚ್ಚಿಟ್ಟಿದ್ರಂತಲ್ಲ ಅತ್ತೆ, ಅಂತಲೂ ಕೇಳಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಕೊನೆಗೆ ಅಪ್ಪನೇ ಅಣ್ಣನಿಗೆ ಹೇಳಿದ, ಅಣ್ಣ ಬಂದು ಒಂದಿಷ್ಟು ದಿನ ಅಪ್ಪನ ಮಗ್ಗುಲಲ್ಲೇ ಮಲಗಿ ಹೋದ, ಮಣ್ಣಿಗೆ ಮಾತ್ರ ಸಿಗಲಿಲ್ಲ ಅಂತ. ಮುಚ್ಚಿಟ್ಟ ಆ ತಿಂಗಳುಗಳಲ್ಲಿ ನಿಮ್ಮಪ್ಪ ನೆಮ್ಮದಿಯಾಗಿ ನಿದ್ದೆ ಮಾಡಿದ್ದಾನೆ, ಅದು ನಾವು ಕೊಟ್ಟದ್ದು ಅಂತ. ಅವಳು ಒಪ್ಪಿಲ್ಲ. ವಾದ ಇನ್ನೂ ನಡೆದೇ ಇದೆ, ನನಗೆ ಅದು ಖುಷಿಯೇ.

ಈ ಸಲ ಎಳ್ಳಮಾಸಿಗೆ ಎಲ್ಲರೂ ಬರುತ್ತಿದ್ದಾರೆ. ಪಾಠಕ್ಕಾಗಿ ಅವಳು ಅಜ್ಜಿಯ ಮೇಲೆ ಒಂದು ಸಣ್ಣ ಸಿನಿಮಾ ಮಾಡಬೇಕಂತೆ. ಏನೇನು ತೆಗೆಯಬೇಕು ಅಂತ ಪಟ್ಟಿ ಕಳಿಸಿದ್ದಳು. ಅಜ್ಜಿ ರೊಟ್ಟಿ ತಟ್ಟುವುದು, ಅಜ್ಜಿ ದೇವರ ಮುಂದೆ ಕೂತದ್ದು, ಅಜ್ಜಿಯ ಕೈಗಳು. ನಾನು ಒಂದೇ ಒಂದು ಸೇರಿಸು ಅಂದೆ. ತೊಗರಿ ರಾಶಿ ಆದ ಮೇಲೆ ಅಜ್ಜಿ ಗಂಜಿಗೆ, ಅಂದರೆ ಕಾಳಿನ ಮಾರುಕಟ್ಟೆಗೆ ಹೋಗುತ್ತಾಳೆ. ಕಾಳನ್ನು ಅಂಗೈಯಲ್ಲಿ ಹಿಡಿದು ದಲಾಲರ ಜೊತೆ ರೇಟು ಮಾತಾಡುತ್ತಾಳೆ. ಅದರಿಂದಲೇ ಶುರು ಮಾಡು. ಅವ್ವನನ್ನೂ ಕೇಳಿದೆ. ಒಪ್ಪಿದ್ದಾಳೆ. ಆದರೆ ಸೌದಾ ನಡೆಯುವಾಗ ನಡುವೆ ಬಂದು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬಾರದು, ರೇಟು ಕೆಡುತ್ತದೆ ಅಂತ ಕರಾರು ಹಾಕಿದ್ದಾಳೆ.